ಬೊಲಿವಿಯಾ: ಮೂಲನಿವಾಸಿಗಳ ಹೆಸರಿನ ಸರ್ಕಾರದಲ್ಲಿ ಅಧಿಕಾರ ಯಾರ ಕೈಗೆ ಬಂತು?

2025ರ ಆಗಸ್ಟ್ 6ಕ್ಕೆ ದಕ್ಷಿಣ ಅಮೆರಿಕದ ಬೊಲಿವಿಯಾ ಸ್ವತಂತ್ರವಾಗಿ 200 ವರ್ಷ ತುಂಬಿತು. ಅದಾದ ಹನ್ನೊಂದು ದಿನಕ್ಕೆ ಅಲ್ಲಿ ಚುನಾವಣೆ ನಡೆಯಿತು. ಮಧ್ಯೆ ಒಂದು ವರ್ಷ ಬಿಟ್ಟರೆ 2006ರಿಂದಲೂ ದೇಶ ಆಳಿದ್ದ ‘ಮಾಸ್’ (ಸಮಾಜವಾದದತ್ತ ಚಳವಳಿ) ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗೆ ಬಿದ್ದದ್ದು ಶೇ. 3ರ ಆಸುಪಾಸಿನ ಮತ. ಅಕ್ಟೋಬರ್ 19ರ ಎರಡನೇ ಸುತ್ತಿನಲ್ಲಿ ರೊಡ್ರಿಗೊ ಪಾಸ್ ಗೆದ್ದು ಅಧ್ಯಕ್ಷರಾದರು.

ಪಕ್ಷಗಳು ಸೋಲುತ್ತಲೇ ಇರುತ್ತವೆ. ಆದರೆ ಮಾಸ್ ‘ನಮ್ಮದು ಮೂಲನಿವಾಸಿಗಳ ಸರ್ಕಾರ’ ಎಂದು ಹೇಳಿಕೊಂಡೇ ಬಂದ ಪಕ್ಷ. ಮೂಲನಿವಾಸಿಗಳು ಜಾಸ್ತಿ ಇರುವ ಲಾ ಪಾಸ್, ಒರುರೊ, ಪೊತೊಸಿ ಪ್ರಾಂತ್ಯಗಳಲ್ಲೇ ಜನ ಅದರ ಕೈಬಿಟ್ಟರು. ಪೆಟ್ರೋಲ್ ಬಂಕ್ ಮುಂದಿನ ಉದ್ದುದ್ದ ಸಾಲು, ಡಾಲರ್ ಕೊರತೆ, ಏರುತ್ತಿದ್ದ ಬೆಲೆ ಇದಕ್ಕೆ ತಕ್ಷಣದ ಕಾರಣ. ಅದರ ಹಿಂದೆ ಇನ್ನೂ ಹಳೆಯ ಪ್ರಶ್ನೆಯೊಂದಿದೆ. ಸರ್ಕಾರವೇ ‘ನಾನೇ ಮೂಲನಿವಾಸಿ’ ಎಂದು ನಿಂತರೆ, ಕಾಡಿನಲ್ಲಿ, ಬೆಟ್ಟದಲ್ಲಿ ಬದುಕುವ ಮೂಲನಿವಾಸಿ ಸಮುದಾಯಗಳ ಪರವಾಗಿ ಮಾತಾಡುವವರು ಯಾರು? ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಎತ್ತರದವರು, ತಗ್ಗಿನವರು

ಬೊಲಿವಿಯಾದ ಜನಸಂಖ್ಯೆ ಒಂದು ಕೋಟಿ ದಾಟಿ ಸ್ವಲ್ಪ ಮೇಲಿದೆ. ದೇಶಕ್ಕೆ ಸಮುದ್ರ ತೀರವಿಲ್ಲ. ಪಶ್ಚಿಮಕ್ಕೆ ಆಂಡಿಸ್ ಪರ್ವತ, ಅದರ ನಡುವೆ ಸುಮಾರು 4,000 ಮೀಟರ್ ಎತ್ತರದ ಬಯಲು. ಅಲ್ಲಿ ಐಮಾರಾ ಮತ್ತು ಕೆಚುವಾ ಭಾಷೆಯ ಜನ ಲಕ್ಷಾಂತರ ಸಂಖ್ಯೆಯಲ್ಲಿದ್ದಾರೆ. ಪೂರ್ವಕ್ಕೂ ಉತ್ತರಕ್ಕೂ ಇಳಿದರೆ ಅಮೆಜಾನ್ ಕಾಡು, ಚಾಕೊ ಎಂಬ ಒಣ ಸೀಮೆ. ಅಲ್ಲಿ ಗ್ವಾರಾನಿ, ಚಿಕಿತಾನೊ, ಮೊಹೆನ್ಯೊ, ಯುರಾಕಾರೆ, ಚಿಮಾನೆ ಹೀಗೆ ಮೂವತ್ತಕ್ಕೂ ಹೆಚ್ಚು ಜನಾಂಗಗಳಿವೆ. ಕೆಲವದರಲ್ಲಿ ಕೆಲವೇ ನೂರು ಜನ.

ಹೊರಗಿನವರು ಎಲ್ಲರನ್ನೂ ‘ಮೂಲನಿವಾಸಿಗಳು’ ಎಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಒಳಗೆ ಹೋದರೆ ಎತ್ತರದವರ ಬದುಕೇ ಬೇರೆ, ತಗ್ಗಿನವರದ್ದೇ ಬೇರೆ. ಮುಂದಿನ ಕಥೆಯೆಲ್ಲ ಈ ವ್ಯತ್ಯಾಸದ ಮೇಲೇ ನಿಂತಿದೆ.

1825ರಲ್ಲಿ ಸ್ಪೇನ್‌ನಿಂದ ಬಿಡುಗಡೆ ಸಿಕ್ಕಿತು. ಆದರೆ ಮೂಲನಿವಾಸಿಗಳು ಸ್ಪೇನ್ ದೊರೆಗೆ ಕಟ್ಟುತ್ತಿದ್ದ ತಲೆಗಂದಾಯವನ್ನು ಹೊಸ ಗಣರಾಜ್ಯವೂ ವಸೂಲಿ ಮಾಡುತ್ತಲೇ ಹೋಯಿತು. ಮೊದಲ ಕೆಲವು ದಶಕ ಸರ್ಕಾರದ ಆದಾಯದಲ್ಲಿ ದೊಡ್ಡ ಪಾಲು ಅದೇ ಆಗಿತ್ತು. 1874ರ ಕಾನೂನು ಊರೊಟ್ಟಿನ ನೆಲವನ್ನು ತುಂಡು ಮಾಡಿ ಮಾರಲು ದಾರಿ ಮಾಡಿತು. ಎತ್ತರದ ಸೀಮೆಯಲ್ಲಿ ನೆಲವನ್ನೂ ನೆಂಟಸ್ತಿಕೆಯನ್ನೂ ಒಟ್ಟಿಗೆ ಹಿಡಿದಿದ್ದ ‘ಐಯು’ ಎಂಬ ಸಮುದಾಯಗಳು ಒಡೆದವು. ನೆಲ ದೊಡ್ಡ ಜಮೀನ್ದಾರರ ಪಾಲಾಯಿತು. ಅಲ್ಲೇ ಉಳಿದವರು ಒಂದು ತುಂಡು ಹೊಲದ ಆಸೆಗೆ ವಾರದಲ್ಲಿ ಹಲವು ದಿನ ಧಣಿಯ ಗದ್ದೆಯಲ್ಲಿ ಬಿಟ್ಟಿ ದುಡಿಯಬೇಕಿತ್ತು. ಅದು ಸಾಲದು ಅಂತ ಸರದಿಯ ಮೇಲೆ ಧಣಿಯ ಪಟ್ಟಣದ ಮನೆಗೂ ಹೋಗಿ ಚಾಕರಿ ಮಾಡಬೇಕು. ಹಾಗೆ ಹೋದವನನ್ನು ‘ಪೊಂಗೊ’ ಎನ್ನುತ್ತಿದ್ದರು. ಅವನು ರಾತ್ರಿ ಮಲಗುತ್ತಿದ್ದದ್ದು ಬಾಗಿಲ ಬುಡದಲ್ಲಿ. ಇದು ನಡೆದದ್ದು 20ನೇ ಶತಮಾನದ ನಡುವಿನವರೆಗೆ. ನೆನಪಿರುವವರು ಇನ್ನೂ ಬದುಕಿದ್ದಾರೆ.

ರಾಷ್ಟ್ರ ಕಟ್ಟುವುದು ಅಂದರೇನು?

ಒಂದು ಗಡಿಯೊಳಗೆ ಬೇರೆ ಬೇರೆ ಭಾಷೆ, ದೇವರು, ನ್ಯಾಯ ಪದ್ಧತಿಯ ಜನ ಇರುತ್ತಾರೆ. ಅವರೆಲ್ಲ ‘ನಾವು ಒಂದೇ ದೇಶದವರು’ ಎಂದುಕೊಳ್ಳುವ ಹಾಗೆ ಮಾಡಲು ಸರ್ಕಾರ ಪಡುವ ಪ್ರಯತ್ನವೇ ರಾಷ್ಟ್ರ ಕಟ್ಟುವುದು. ಶಾಲೆ, ಸೈನ್ಯ, ರಸ್ತೆ, ಮತದಾನ, ಜನಗಣತಿ ಇವೆಲ್ಲ ಅದರ ಸಲಕರಣೆಗಳು.

ಇದನ್ನು ಎರಡು ರೀತಿಯಲ್ಲಿ ಮಾಡಬಹುದು. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದು ಒಂದು. ‘ನೀವು ಬೇರೆಯವರಾಗಿಯೇ ಇರಿ, ಆದರೆ ದೇಶ ಒಂದೇ’ ಎನ್ನುವುದು ಇನ್ನೊಂದು. ಬೊಲಿವಿಯಾ ಎರಡನ್ನೂ ಮಾಡಿ ನೋಡಿತು. ಮೊದಲನೆಯದು 1952ರಲ್ಲಿ, ಎರಡನೆಯದು 2006ರ ನಂತರ.

1952: ನೆಲ ಸಿಕ್ಕಿತು, ಗುರುತು ಹೋಯಿತು

1952ರ ಏಪ್ರಿಲ್‌ನಲ್ಲಿ ಗಣಿ ಕಾರ್ಮಿಕರೂ ಪೊಲೀಸರೂ ಪಟ್ಟಣದ ಜನರೂ ಸೇರಿ ದಂಗೆಯೆದ್ದು ಸೈನ್ಯವನ್ನು ಸೋಲಿಸಿದರು. ವಿಕ್ಟರ್ ಪಾಸ್ ಎಸ್ತೆನ್ಸೊರೊ ಅಧ್ಯಕ್ಷರಾದರು. ಆ ಸರ್ಕಾರ ಒಂದೂವರೆ ವರ್ಷದೊಳಗೆ ಮಾಡಿದ್ದು ಸಣ್ಣ ಕೆಲಸವಲ್ಲ. ಅದುವರೆಗೆ ಓದು ಬರಹ ಬಂದವರಿಗೆ ಮಾತ್ರ ಮತ ಇತ್ತು. ಅಂದರೆ ಮೂಲನಿವಾಸಿಗಳಲ್ಲಿ ಬಹುಪಾಲು ಜನರಿಗೆ ಇರಲಿಲ್ಲ. ಆ ಜುಲೈನಲ್ಲಿ ಹೆಂಗಸರೂ ಸೇರಿ ಎಲ್ಲರಿಗೂ ಮತ ಸಿಕ್ಕಿತು. 1951ರ ಚುನಾವಣೆಯಲ್ಲಿ ಒಂದು ಲಕ್ಷ ಚಿಲ್ಲರೆ ಜನ ಮತ ಹಾಕಿದ್ದರೆ, 1956ರಲ್ಲಿ ಹಾಕಿದವರು ಹತ್ತಿರ ಹತ್ತಿರ ಹತ್ತು ಲಕ್ಷ. ತವರದ ದೊಡ್ಡ ಗಣಿಗಳು ಸರ್ಕಾರದ್ದಾದವು. 1953ರ ಆಗಸ್ಟ್ 2ರಂದು ಕೊಚಬಾಂಬಾ ಬಳಿಯ ಉಕುರೆನ್ಯಾ ಎಂಬ ಹಳ್ಳಿಗೇ ಹೋಗಿ, ಸಾವಿರಾರು ರೈತರ ಮುಂದೆ ಅಧ್ಯಕ್ಷರು ಭೂಸುಧಾರಣೆಯ ಆದೇಶಕ್ಕೆ ಸಹಿ ಹಾಕಿದರು. ಪೊಂಗೊ ಚಾಕರಿಯೂ ನಿಂತಿತು.

ಆಗಸ್ಟ್ 2 ಅದಕ್ಕೂ ಮೊದಲೇ ‘ಇಂಡಿಯೊ ದಿನ’ ಆಗಿತ್ತು. ಇಂಡಿಯೊ ಅಂದರೆ ಮೂಲನಿವಾಸಿಗಳನ್ನು ತುಚ್ಛವಾಗಿ ಕರೆಯುವ ಮಾತು. ಹೊಸ ಸರ್ಕಾರ ಅದನ್ನು ‘ರೈತರ ದಿನ’ ಮಾಡಿತು. ಕಡತಗಳಲ್ಲಿ, ಸಂಘಗಳಲ್ಲಿ, ಭಾಷಣಗಳಲ್ಲಿ ಐಮಾರಾದವರೂ ಕೆಚುವಾದವರೂ ‘ರೈತ’ರಾದರು. ಇದರ ಹಿಂದೆ ಒಳ್ಳೆಯ ಉದ್ದೇಶವೇ ಇತ್ತು. ಬೈಗುಳದಂತಿದ್ದ ಹೆಸರು ಹೋಗಲಿ, ಎಲ್ಲರೂ ಸಮಾನ ಪ್ರಜೆಗಳಾಗಲಿ ಅಂತ. ಆದರೆ ಅದರ ಜೊತೆಗೇ ಐಯುವಿನ ಹಿರಿಯರ ಜಾಗಕ್ಕೆ ರೈತ ಸಂಘದ ಕಾರ್ಯದರ್ಶಿ ಬಂದ. ಆ ಸಂಘ ಪಕ್ಷದ ಕೈಯಲ್ಲಿತ್ತು. 1955ರ ಶಿಕ್ಷಣ ಸಂಹಿತೆ ಹಳ್ಳಿ ಶಾಲೆಗಳಲ್ಲಿ ಮಕ್ಕಳ ಮನೆಮಾತನ್ನು ಬಳಸಲು ಬಿಟ್ಟಿತು, ಆದರೆ ಬೇಗ ಸ್ಪ್ಯಾನಿಷ್‌ಗೆ ದಾಟಿಸಲಿಕ್ಕೆ ಮಾತ್ರ.

ಒಟ್ಟಿನಲ್ಲಿ ಆ ಒಪ್ಪಂದ ಹೀಗಿತ್ತು: ನೆಲ ತಗೊಳ್ಳಿ, ಮತ ತಗೊಳ್ಳಿ, ಶಾಲೆ ತಗೊಳ್ಳಿ, ಐಮಾರಾ ಆಗಿರುವುದನ್ನು ಮನೆಯಲ್ಲಿ ಬಿಟ್ಟು ಬನ್ನಿ. 1964ರ ನಂತರ ಬಂದ ಸೇನಾಡಳಿತವೂ ‘ಸೈನ್ಯ–ರೈತ ಒಪ್ಪಂದ’ದ ಹೆಸರಲ್ಲಿ ಇದನ್ನೇ ಮುಂದುವರಿಸಿತು. 1974ರ ಜನವರಿಯಲ್ಲಿ ಬೆಲೆ ಏರಿಕೆ ವಿರೋಧಿಸಿ ಕೊಚಬಾಂಬಾ ಕಣಿವೆಯ ರಸ್ತೆಗಳನ್ನು ತಡೆದ ರೈತರ ಮೇಲೆ ಅದೇ ಸೈನ್ಯ ಗುಂಡು ಹಾರಿಸಿತು. ಅಲ್ಲಿಗೆ ಆ ನಂಬಿಕೆ ಮುರಿಯಿತು.

ಎರಡೂ ಕಣ್ಣಿನಿಂದ ನೋಡುವುದು

ರೈತರ ಮಕ್ಕಳು ಆ ಹೊತ್ತಿಗೆ ಓದಿ, ಸರ್ಕಾರ ಕೂತಿರುವ ಲಾ ಪಾಸ್ ನಗರ ಸೇರಿದ್ದರು. ಸ್ಪ್ಯಾನಿಷ್ ಬರುತ್ತಿತ್ತು, ಮತವೂ ಇತ್ತು. ಆದರೂ ಕೆಲಸ ಕೇಳಲು ಹೋದರೆ ಮೊದಲು ಅವರ ಅಡ್ಡಹೆಸರು, ಮುಖ ನೋಡುತ್ತಿದ್ದರು. ಇವರಿಂದ ಹುಟ್ಟಿದ್ದೇ ಕಟಾರಿಸ್ಟ್ ಚಳವಳಿ. 1781ರಲ್ಲಿ ಲಾ ಪಾಸ್ ನಗರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಸ್ಪೇನ್‌ನವರ ಕೈಯಲ್ಲಿ ಸತ್ತ ಐಮಾರಾ ನಾಯಕ ತುಪಾಕ್ ಕಟಾರಿಯ ಹೆಸರನ್ನೇ ಅದು ಇಟ್ಟುಕೊಂಡಿತು.

ಅವರ ವಾದ ಸರಳ. ನಮ್ಮ ದೇಶವನ್ನು ಎರಡೂ ಕಣ್ಣಿನಿಂದ ನೋಡಬೇಕು. ಒಂದು ಕಣ್ಣಿಗೆ ನಾವು ಬಡವರು, ದುಡಿಯುವವರು. ಇನ್ನೊಂದು ಕಣ್ಣಿಗೆ ನಾವು ತುಳಿಯಲ್ಪಟ್ಟ ಒಂದು ಜನಾಂಗ, ಒಂದು ರಾಷ್ಟ್ರ. 1952ರ ಸರ್ಕಾರ ಒಂದು ಕಣ್ಣು ಮುಚ್ಚಿಕೊಂಡೇ ನೋಡಿತ್ತು. 1979ರಲ್ಲಿ ಜೆನಾರೊ ಫ್ಲೋರೆಸ್ ಮುಂದಾಳತ್ವದಲ್ಲಿ ಸರ್ಕಾರದ ಹಂಗಿಲ್ಲದ ರೈತ ಒಕ್ಕೂಟ ಹುಟ್ಟಿತು. 1990ರಲ್ಲಿ ತಗ್ಗಿನ ಸೀಮೆಯವರು ‘ನೆಲ ಮತ್ತು ಘನತೆ’ಗಾಗಿ ತ್ರಿನಿದಾದ್ ಪಟ್ಟಣದಿಂದ ಲಾ ಪಾಸ್‌ವರೆಗೆ ನಡೆದರು. ಕಾಡಿನ ತೇವದಲ್ಲಿ ಹುಟ್ಟಿ ಬೆಳೆದವರು ಹಿಮ ಬೀಳುವ ಕಣಿವೆ ಹತ್ತಿ ಬಂದಾಗ ಎತ್ತರದ ಐಮಾರಾದವರು ಅವರನ್ನು ಎದುರುಗೊಂಡರು. ಎರಡೂ ಕಡೆಯವರು ಹಾಗೆ ಒಂದಾಗಿ ನಿಂತದ್ದು ಅಪರೂಪ.

2000ದಲ್ಲಿ ಕೊಚಬಾಂಬಾದಲ್ಲಿ ನೀರಿನ ಖಾಸಗೀಕರಣದ ವಿರುದ್ಧ, 2003ರಲ್ಲಿ ಲಾ ಪಾಸ್ ಪಕ್ಕದ ಎಲ್ ಆಲ್ತೊ ನಗರದಲ್ಲಿ ಅನಿಲ ರಫ್ತಿನ ವಿರುದ್ಧ ಜನ ಬೀದಿಗಿಳಿದರು. 2003ರಲ್ಲಿ 60ಕ್ಕೂ ಹೆಚ್ಚು ಜನ ಸತ್ತರು, ಅಧ್ಯಕ್ಷರು ದೇಶ ಬಿಟ್ಟು ಓಡಿದರು. 2005ರ ಡಿಸೆಂಬರ್‌ನಲ್ಲಿ ಮಾಸ್ ಪಕ್ಷದ ಎವೊ ಮೊರಾಲೆಸ್ ಶೇ. 54ರ ಹತ್ತಿರ ಮತ ಪಡೆದು ಗೆದ್ದರು. ಒರುರೊ ಪ್ರಾಂತ್ಯದ ಬಡ ಐಮಾರಾ ಕುಟುಂಬದವರು ಅವರು. ಬರ, ಹಿಮಕ್ಕೆ ಬೆಳೆ ಕಳೆದುಕೊಂಡು ಮನೆಯವರ ಜೊತೆ ಗುಳೆ ಹೋಗಿ, ಚಪಾರೆ ಎಂಬ ತಗ್ಗು ಸೀಮೆಯಲ್ಲಿ ಕೋಕಾ (ಅಲ್ಲಿನವರು ಜಗಿಯುವ ಎಲೆ) ಬೆಳೆಯುವವರ ಸಂಘದ ನಾಯಕರಾದವರು. ಈ ಗುಳೆಯ ವಿಷಯ ಗಮನದಲ್ಲಿರಲಿ, ಮುಂದೆ ಬೇಕಾಗುತ್ತದೆ.

2009ರ ಸಂವಿಧಾನ ಕೊಟ್ಟದ್ದು, ಇಟ್ಟುಕೊಂಡದ್ದು

ಹೊಸ ಸಂವಿಧಾನ ಬರೆಯಲು ಸಭೆ ಕೂಡಿತು. ಅದರ ಅಧ್ಯಕ್ಷೆ ಸಿಲ್ವಿಯಾ ಲಸಾರ್ತೆ, ಕೆಚುವಾ ಹೆಣ್ಣುಮಗಳು, ಕೋಕಾ ಬೆಳೆಗಾರರ ಸಂಘದಿಂದ ಬಂದವರು. 2009ರ ಜನವರಿಯಲ್ಲಿ ಶೇ. 61 ಮತದಾರರು ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಬೊಲಿವಿಯಾ ‘ಹಲವು ರಾಷ್ಟ್ರಗಳ ದೇಶ’. ರಾಷ್ಟ್ರ ಅಂದರೆ ಇಲ್ಲಿ ತನ್ನದೇ ಭಾಷೆ, ನೆಲ, ನ್ಯಾಯ, ಹಿರಿಯರಿರುವ ಜನಸಮುದಾಯ. ಸ್ಪ್ಯಾನಿಷ್ ಜೊತೆಗೆ 36 ಮೂಲನಿವಾಸಿ ಭಾಷೆಗಳು ಅಧಿಕೃತವಾದವು. ಏಳು ಬಣ್ಣದ ಚೌಕಗಳ ‘ವಿಫಾಲಾ’ ಬಾವುಟ ರಾಷ್ಟ್ರಧ್ವಜದ ಪಕ್ಕ ಹಾರತೊಡಗಿತು. ಸಮುದಾಯಗಳ ನ್ಯಾಯಕ್ಕೆ ಸರ್ಕಾರಿ ಕೋರ್ಟಿನಷ್ಟೇ ಸ್ಥಾನ ಎಂದು ಬರೆಯಲಾಯಿತು.

ಇದು ಬರೀ ತೋರಿಕೆ ಅನ್ನುವವರಿದ್ದಾರೆ. ಹಾಗನ್ನುವುದು ಅನ್ಯಾಯ. ಅಜ್ಜ ಪೊಂಗೊ ಆಗಿದ್ದ ಮನೆಯ ಹುಡುಗಿ ನೆರಿಗೆ ಲಂಗ, ದುಂಡು ಟೋಪಿ ಹಾಕಿಕೊಂಡೇ ಮಂತ್ರಿಯ ಕುರ್ಚಿಯಲ್ಲಿ ಕೂತಳು ಅಂದರೆ ಅದರ ತೂಕ ಅಲ್ಲಿಯವರಿಗೆ ಗೊತ್ತು. ಜೊತೆಗೆ ಹಣವೂ ಬಂತು. 2006ರ ಮೇ 1ರಂದು ಅನಿಲ ನಿಕ್ಷೇಪಗಳು ಸರ್ಕಾರದ ಹತೋಟಿಗೆ ಬಂದವು. ಆ ಆದಾಯದಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೆ 200 ಬೊಲಿವಿಯಾನೊ, ವಯಸ್ಸಾದವರಿಗೆ ಪಿಂಚಣಿ ಸಿಕ್ಕಿತು. ಕಡುಬಡವರ ಪ್ರಮಾಣ 2005ರಿಂದ 2018ರೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು.

ಆದರೆ ಅದೇ ಸಂವಿಧಾನವನ್ನು ಇನ್ನಷ್ಟು ಓದಿದರೆ ಬೇರೆ ಚಿತ್ರ ಕಾಣುತ್ತದೆ. ನೆಲದಡಿಯ ಅನಿಲ, ಖನಿಜ ಇಡೀ ದೇಶದ ಜನರದ್ದು. ನೋಡಿಕೊಳ್ಳುವುದು ಕೇಂದ್ರ ಸರ್ಕಾರ. ಸಮುದಾಯದ ನೆಲದಲ್ಲಿ ಯೋಜನೆ ತರುವ ಮೊದಲು ಅವರನ್ನು ಕೇಳಬೇಕು ಎಂದಿದೆ. ಅವರು ಬೇಡ ಅಂದರೆ ನಿಲ್ಲಿಸಬೇಕು ಎಂದು ಮಾತ್ರ ಎಲ್ಲೂ ಸ್ಪಷ್ಟವಾಗಿ ಹೇಳಿಲ್ಲ. ಕೆಳಮನೆಯ 130 ಸೀಟುಗಳಲ್ಲಿ ಮೂಲನಿವಾಸಿ ಜನಾಂಗಗಳಿಗೆಂದೇ ಇಟ್ಟದ್ದು 7. ಸಮುದಾಯದ ನ್ಯಾಯ ಎಲ್ಲಿಯವರೆಗೆ ಅನ್ನುವುದಕ್ಕೆ 2010ರಲ್ಲಿ ಕಾನೂನು ಬಂತು; ಕೊಲೆ, ಅತ್ಯಾಚಾರದಂಥ ಪ್ರಕರಣಗಳ ಜೊತೆ ಇನ್ನೂ ಹಲವು ವಿಷಯಗಳು ಅದರ ಕೈತಪ್ಪಿದವು. ಮನೆ ಮುಂದಿನ ಫಲಕದಲ್ಲಿ ಎಲ್ಲರ ಹೆಸರೂ ಬರೆದು, ಬೀರುವಿನ ಕೀಲಿ ಮಾತ್ರ ಒಬ್ಬರ ಸೊಂಟದಲ್ಲೇ ಉಳಿದ ಹಾಗಾಯಿತು.

ಇದಕ್ಕೆ ಸರ್ಕಾರದ ಬಳಿಯೂ ಉತ್ತರವಿತ್ತು. ಅನಿಲದ ಹಣ ಒಂದು ಕಡೆ ಸೇರದಿದ್ದರೆ ಪಿಂಚಣಿ ಎಲ್ಲಿಂದ? ರಸ್ತೆ, ಆಸ್ಪತ್ರೆ ಎಲ್ಲಿಂದ? ಎಲ್ ಆಲ್ತೊದ ಬಡ ಐಮಾರಾ ಕುಟುಂಬಕ್ಕೆ ಹಣ ಬೇಕು, ಅದು ಬರಬೇಕಾದದ್ದು ಗ್ವಾರಾನಿಗಳ ನೆಲದಡಿಯ ಅನಿಲದಿಂದ. ಇಬ್ಬರೂ ಮೂಲನಿವಾಸಿಗಳೇ ಅಲ್ವಾ?

ಟಿಪ್ನಿಸ್: ಇಬ್ಬರು ಮೂಲನಿವಾಸಿಗಳ ನಡುವೆ ಒಂದು ರಸ್ತೆ

ಈ ಗಂಟು ಎದ್ದು ಕಂಡದ್ದು 2011ರಲ್ಲಿ. ಟಿಪ್ನಿಸ್ ಅಂದರೆ ಇಸಿಬೊರೊ ಮತ್ತು ಸೆಕುರೆ ನದಿಗಳ ನಡುವಿನ ದಟ್ಟ ಕಾಡು. ವಿಸ್ತಾರ ಸುಮಾರು 12,000 ಚದರ ಕಿ.ಮೀ. ಅದು ರಾಷ್ಟ್ರೀಯ ಉದ್ಯಾನವೂ ಹೌದು, ಮೊಹೆನ್ಯೊ, ಯುರಾಕಾರೆ, ಚಿಮಾನೆ ಜನರ ನೆಲವೂ ಹೌದು. 2009ರಲ್ಲಿ ಅದರ ಸಾಮೂಹಿಕ ಹಕ್ಕುಪತ್ರ ಕೊಟ್ಟದ್ದು ಮೊರಾಲೆಸ್ ಸರ್ಕಾರವೇ.

ಅದೇ ಸರ್ಕಾರ ಆ ಕಾಡನ್ನು ಸೀಳಿ ಸುಮಾರು 300 ಕಿ.ಮೀ. ಹೆದ್ದಾರಿ ಹಾಕಲು ಹೊರಟಿತು. ವೆಚ್ಚ 40 ಕೋಟಿ ಡಾಲರ್‌ಗೂ ಜಾಸ್ತಿ, ಬಹುಪಾಲು ಬ್ರೆಜಿಲ್‌ನ ಸಾಲ. ಕಾಡಿನವರನ್ನು ಮೊದಲು ಕೇಳಿರಲಿಲ್ಲ. ರಸ್ತೆ ಬೇಕು ಎಂದವರಲ್ಲಿ ಮುಂದಿದ್ದವರು ಕಾಡಿನ ದಕ್ಷಿಣ ಅಂಚಿನ ಕೋಕಾ ಬೆಳೆಗಾರರು. ಅವರು ಎತ್ತರದಿಂದ ಗುಳೆ ಬಂದ ಐಮಾರಾ, ಕೆಚುವಾ ರೈತರು. ಮೊರಾಲೆಸ್ ಬೆಳೆದದ್ದು ಅವರ ಸಂಘದಲ್ಲೇ. ಅವರಿಗೆ ನೆಲವೆಂದರೆ ಒಬ್ಬೊಬ್ಬರ ಹೆಸರಿನ ತೋಟ, ಬೆಳೆ ಮಾರಲು ರಸ್ತೆ. ಕಾಡಿನವರಿಗೆ ನೆಲವೆಂದರೆ ಬೇಟೆಗೆ, ಮೀನಿಗೆ ಎಲ್ಲರೂ ಓಡಾಡುವ ಬಯಲು, ಹೊಳೆ. ಇಬ್ಬರ ಮಾತೂ ಸುಳ್ಳಲ್ಲ.

ಆಗಸ್ಟ್ 15ರಂದು ಕಾಡಿನವರು ಮತ್ತೆ ತ್ರಿನಿದಾದ್‌ನಿಂದ ಲಾ ಪಾಸ್‌ಗೆ ನಡೆಯತೊಡಗಿದರು. ಸೆಪ್ಟೆಂಬರ್ 24ರಂದು ಮಾತುಕತೆಗೆ ಬಂದ ವಿದೇಶಾಂಗ ಸಚಿವ ದವೀದ್ ಚೊಕೆವಾಂಕಾ ಅವರ ತೋಳು ಹಿಡಿದು, ಮೆರವಣಿಗೆಯ ಹೆಂಗಸರು ತಮ್ಮ ಜೊತೆ ನಡೆಸಿಕೊಂಡೇ ಪೊಲೀಸ್ ಸಾಲು ದಾಟಿದರು. ಸಚಿವರು ಐಮಾರಾ, ತೋಳು ಹಿಡಿದವರು ಕಾಡಿನವರು. ಮರುದಿನ ಚಪರಿನಾ ಎಂಬಲ್ಲಿ ಪೊಲೀಸರು ಬಿಡಾರದ ಮೇಲೆ ಬಿದ್ದರು. ಅಶ್ರುವಾಯು ಸಿಡಿಸಿದರು, ಕೆಲವರ ಬಾಯಿಗೆ ಟೇಪ್ ಸುತ್ತಿ ಬಸ್ಸಿಗೆ ತುಂಬಿದರು. ವಿಮಾನ ಹತ್ತಿಸಲು ಕೊಂಡೊಯ್ದಾಗ ರುರೆನಬಾಕೆ ಪಟ್ಟಣದ ಜನ ರನ್‌ವೇಗೇ ನುಗ್ಗಿ ಅವರನ್ನು ಬಿಡಿಸಿದರು. ರಕ್ಷಣಾ ಸಚಿವೆ ಇದನ್ನು ಒಪ್ಪಲಾರೆ ಎಂದು ರಾಜೀನಾಮೆ ಕೊಟ್ಟರು.

ಅಕ್ಟೋಬರ್‌ನಲ್ಲಿ ಮೆರವಣಿಗೆ ಲಾ ಪಾಸ್ ತಲುಪಿದಾಗ ಊರೇ ಬೀದಿಗೆ ಬಂದು ಬರಮಾಡಿಕೊಂಡಿತು. ರಸ್ತೆ ಹಾಕಬಾರದು ಎಂಬ ಕಾನೂನು ಬಂತು. ಮರುವರ್ಷ ಸರ್ಕಾರ ತಾನೇ ಹಳ್ಳಿ ಹಳ್ಳಿಗೆ ಹೋಗಿ ‘ಅಭಿಪ್ರಾಯ ಕೇಳುವ’ ಕೆಲಸ ಮಾಡಿ, ಬಹುತೇಕರು ರಸ್ತೆಗೆ ಒಪ್ಪಿದ್ದಾರೆ ಎಂದಿತು. ಕೇಳಿದ ರೀತಿಯೇ ಸರಿಯಿಲ್ಲ ಎಂದು ಕಾಡಿನ ಮುಖಂಡರು ತಕರಾರು ತೆಗೆದರು. 2017ರಲ್ಲಿ ಆ ಕಾನೂನನ್ನೇ ತೆಗೆದುಹಾಕಿ ಹೊಸದು ತಂದರು.

ನನಗೆ ರಸ್ತೆಗಿಂತ ದೊಡ್ಡದಾಗಿ ಕಾಣುವುದು ಆಮೇಲೆ ಸಂಘಟನೆಗಳಿಗೆ ಆದದ್ದು. ತಗ್ಗಿನವರ ಒಕ್ಕೂಟವೂ ಎತ್ತರದ ಐಯುಗಳ ಒಕ್ಕೂಟವೂ ಸರ್ಕಾರದ ಮೈತ್ರಿಯಿಂದ ಹೊರಬಂದಿದ್ದವು. 2012–13ರೊಳಗೆ ಎರಡೂ ಒಡೆದವು. ಸರ್ಕಾರದ ಪರ ಒಂದು ಬಣ, ವಿರುದ್ಧ ಒಂದು ಬಣ. ಇಬ್ಬರದ್ದೂ ಒಂದೇ ಹೆಸರು, ಒಂದೇ ಬಾವುಟ. ಹೊರಗಿನ ಸರ್ಕಾರವನ್ನು ಎದುರಿಸುವಾಗ ‘ನಾವು’ ಅನ್ನುವುದು ಸುಲಭ. ‘ನಾವೇ ಸರ್ಕಾರ’ ಅನ್ನುವವರನ್ನು ಎದುರಿಸುವಾಗ ಆ ಮಾತೇ ಕೈಜಾರುತ್ತದೆ.

ಜನಗಣತಿಯ ಒಂದು ಪ್ರಶ್ನೆ

2001ರ ಗಣತಿಯಲ್ಲಿ 15 ವರ್ಷ ಮೇಲ್ಪಟ್ಟವರನ್ನು ‘ಈ ಮೂಲನಿವಾಸಿ ಜನಾಂಗಗಳಲ್ಲಿ ಯಾವುದಕ್ಕಾದರೂ ಸೇರಿದವರು ಎಂದುಕೊಳ್ಳುತ್ತೀರಾ?’ ಎಂದು ಕೇಳಿದಾಗ ಶೇ. 62 ಜನ ಹೌದು ಎಂದಿದ್ದರು. ಮೂಲನಿವಾಸಿ ಅಧ್ಯಕ್ಷರು ಬಂದ ಮೇಲೆ, 2012ರಲ್ಲಿ ಹಾಗಂದವರು ಶೇ. 41ರ ಆಸುಪಾಸು. ಹೆಮ್ಮೆ ಹೆಚ್ಚಬೇಕಾದ ಕಾಲದಲ್ಲಿ ಸಂಖ್ಯೆ ಇಳಿದದ್ದು ಹೇಗೆ?

ಪ್ರಶ್ನೆ ಬದಲಾಗಿತ್ತು ಎನ್ನುವುದು ಒಂದು ಕಾರಣ. 2012ರ ಪ್ರಶ್ನೆ ‘ಬೊಲಿವಿಯಾದವರಾಗಿ ನೀವು...’ ಎಂದು ಶುರುವಾಗಿ, ಸಂವಿಧಾನದ ಉದ್ದನೆಯ ಹೆಸರು ಹಿಡಿದು, ‘ಮೂಲನಿವಾಸಿ ರೈತ ರಾಷ್ಟ್ರಕ್ಕೆ ಸೇರಿದವರಾ?’ ಎಂದು ಕೇಳುತ್ತಿತ್ತು. ಪಟ್ಟಣದಲ್ಲಿ ಅಂಗಡಿ ನಡೆಸುವ ಐಮಾರಾ ಹೆಂಗಸು ರೈತಳಲ್ಲ. ಅವಳು ಏನು ಹೇಳಬೇಕು? ಇನ್ನೊಂದು ಕಾರಣ ರಾಜಕೀಯದ್ದು. ಮೊದಲು ‘ಹೌದು’ ಅನ್ನುವುದು ಅಧಿಕಾರದ ವಿರುದ್ಧ ನಿಲ್ಲುವುದಾಗಿತ್ತು. 2012ರ ಹೊತ್ತಿಗೆ ಅದು ಸರ್ಕಾರದ ಪರ ನಿಂತಂತೆ ಕೇಳಿಸುತ್ತಿತ್ತು. ಟಿಪ್ನಿಸ್ ಆಗಿ ಒಂದೇ ವರ್ಷವಾಗಿತ್ತು ಅನ್ನುವುದನ್ನು ಮರೆಯಬಾರದು.

ತಾವೇ ಆಳಿಕೊಳ್ಳಲು ಹೋದವರು

ಸಂವಿಧಾನ ಇನ್ನೊಂದು ದಾರಿಯನ್ನೂ ತೆರೆದಿತ್ತು: ಸಮುದಾಯವೇ ತನ್ನ ಪದ್ಧತಿಯಂತೆ ಸ್ಥಳೀಯ ಸರ್ಕಾರ ಕಟ್ಟಿಕೊಳ್ಳುವುದು. ನಿಯಮಾವಳಿ ಬರೆದು, ಸಾಂವಿಧಾನಿಕ ಕೋರ್ಟಿನ ಒಪ್ಪಿಗೆ ಪಡೆದು, ಜನಮತಕ್ಕೆ ಹಾಕಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ. 2009ರಲ್ಲೇ ಹತ್ತಕ್ಕೂ ಹೆಚ್ಚು ಪುರಸಭೆಗಳು ಹೊರಟವು. ಗುರಿ ಮುಟ್ಟಿದವು ಕೆಲವೇ.

2015ರ ಸೆಪ್ಟೆಂಬರ್‌ನಲ್ಲಿ ಎರಡು ಕಡೆ ಜನಮತ ನಡೆಯಿತು. ಚಾಕೊ ಸೀಮೆಯ ಗ್ವಾರಾನಿ ಪುರಸಭೆ ಚರಾಗ್ವಾದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಒಪ್ಪಿದರು. ಮೇಯರ್ ಹುದ್ದೆ ಹೋಗಿ, ಹಳ್ಳಿ, ವಲಯ, ಇಡೀ ಸೀಮೆ ಹೀಗೆ ಮೂರು ಹಂತದ ಸಭೆಗಳಲ್ಲಿ ತೀರ್ಮಾನ ಮಾಡುವ ಏರ್ಪಾಡು 2017ರ ಜನವರಿಯಲ್ಲಿ ಶುರುವಾಯಿತು. ಅಲ್ಲಿ ಗ್ವಾರಾನಿಗಳಷ್ಟೇ ಇಲ್ಲ, ಎತ್ತರದಿಂದ ಬಂದವರೂ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ರೈತರೂ ಇದ್ದಾರೆ. ಎಲ್ಲರನ್ನೂ ಸಭೆಗೆ ಕೂರಿಸುವುದೇ ದೊಡ್ಡ ಕೆಲಸ. ಒರುರೊದ ಐಮಾರಾ ಊರು ತೊತೊರಾ ಮಾರ್ಕಾದಲ್ಲಿ ಮಾತ್ರ ಜನ ದೊಡ್ಡ ಅಂತರದಲ್ಲಿ ಬೇಡ ಅಂದರು. ಹಿರಿಯರ ಸರದಿ ಆಡಳಿತ ಅಲ್ಲಿನ ಎಷ್ಟೋ ಯುವಕರಿಗೆ ಭಾರವೆನಿಸಿತ್ತು, ಇರುವ ಪುರಸಭೆಯೇ ಸಾಕು ಅಂದರು. ಮೂಲನಿವಾಸಿಗಳೆಂದರೆ ಎಲ್ಲರೂ ಹಳೆಯ ಪದ್ಧತಿಯನ್ನೇ ಬಯಸುತ್ತಾರೆ ಎಂದು ಹೊರಗಿನವರು ಅಂದುಕೊಳ್ಳುವುದು ಎಷ್ಟು ಅವಸರದ ಮಾತು ಅಂತ ಇಲ್ಲಿ ಗೊತ್ತಾಗುತ್ತದೆ.

ಇನ್ನು ಮುಂದೆ ಏನೇನು ಬದಲಾಗಬಹುದು?

2016ರ ಜನಮತದಲ್ಲಿ ಇನ್ನೊಂದು ಅವಧಿ ಬೇಡ ಎಂದು ಜನ ಕಿರಿದಾದ ಅಂತರದಲ್ಲಿ ಹೇಳಿದ್ದರೂ ಮೊರಾಲೆಸ್ 2019ರಲ್ಲಿ ಸ್ಪರ್ಧಿಸಿದರು. ಮತ ಎಣಿಕೆಯ ಬಗ್ಗೆ ಆರೋಪ ಎದ್ದು, ಸೈನ್ಯವೂ ಕೆಳಗಿಳಿಯಿರಿ ಎಂದಾಗ ದೇಶ ಬಿಟ್ಟರು. ಆ ನವೆಂಬರ್‌ನಲ್ಲಿ ಬೀದಿಯಲ್ಲಿ ವಿಫಾಲಾ ಸುಟ್ಟರು. ಸಕಾಬಾ ಮತ್ತು ಸೆಂಕಾತಾದಲ್ಲಿ ಪ್ರತಿಭಟಿಸಿದವರು ಭದ್ರತಾ ಪಡೆಗಳ ಕಾರ್ಯಾಚರಣೆಯಲ್ಲಿ ಸತ್ತರು. ಮಾಸ್ ಬಗ್ಗೆ ಬೇಸರವಿದ್ದ ಎಷ್ಟೋ ಐಮಾರಾದವರು ಬಾವುಟ ಸುಟ್ಟದ್ದನ್ನು ಕಂಡು ಮತ್ತೆ ಅದರ ಕಡೆ ಬಂದರು. 2020ರಲ್ಲಿ ಮಾಸ್ ಪಕ್ಷದ ಲೂಯಿಸ್ ಆರ್ಸೆ ಶೇ. 55 ಮತ ಪಡೆದು ಗೆದ್ದರು. ಆಮೇಲೆ ಆರ್ಸೆ, ಮೊರಾಲೆಸ್ ಜಗಳಕ್ಕೆ ಪಕ್ಷ ಸೀಳಿತು. 2025ರಲ್ಲಿ ಕಣಕ್ಕಿಳಿಯಲಾಗದ ಮೊರಾಲೆಸ್, ಮತಪತ್ರ ಕೆಡಿಸಿ ಹಾಕಿ ಎಂದರು. ಮೊದಲ ಸುತ್ತಿನಲ್ಲಿ ಶೇ. 19ರಷ್ಟು ಮತ ಹಾಗೆ ಅಸಿಂಧುವಾದವು.

ಸರ್ಕಾರ ಬದಲಾದ ಮಾತ್ರಕ್ಕೆ 2009ರ ಸಂವಿಧಾನ ಹೋಗುವುದಿಲ್ಲ. ಅದರ ಒಂದು ಭಾಗ ತಿದ್ದಬೇಕಾದರೂ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು, ಅಥವಾ ಮತದಾರರಲ್ಲಿ ಶೇ. 20 ಜನರ ಸಹಿ ಬೇಕು. ಅದಾದ ಮೇಲೂ ಜನಮತಕ್ಕೆ ಹಾಕಬೇಕು. ಪೂರ್ತಿ ಹೊಸದಾಗಿ ಬರೆಯಬೇಕೆಂದರೆ ಮತ್ತೆ ಸಂವಿಧಾನ ಸಭೆಯೇ ಕೂಡಬೇಕು. ಹಾಗಾಗಿ 36 ಭಾಷೆ, 7 ಸೀಟು, ಚರಾಗ್ವಾದ ಸಭೆಗಳು ಸದ್ಯಕ್ಕೆ ಅಲ್ಲೇ ಇರುತ್ತವೆ. ಬದಲಾಗುವುದಿದ್ದರೆ ಮೊದಲು ಅದರ ಕೆಳಗಿನ ಕಾನೂನುಗಳು: ನೆಲದ ಹಕ್ಕುಪತ್ರ, ಗಣಿ ಪರವಾನಗಿ, ಸಮುದಾಯವನ್ನು ಕೇಳುವ ವಿಧಾನ. ಇವನ್ನು ತಿದ್ದಲು ಜನಮತ ಬೇಕಿಲ್ಲ. ಟಿಪ್ನಿಸ್ ಕಾನೂನು ಆರೇ ವರ್ಷದಲ್ಲಿ ಬಿದ್ದುಹೋದದ್ದು ಹೀಗೆಯೇ, ಅದೂ ಮೂಲನಿವಾಸಿ ಅಧ್ಯಕ್ಷರ ಸಹಿಯಿಂದ.